ಜೋಳದ ಖೋಲಿಯ ತಂಪು

ನನ್ನ ಮಗಳು ಬೀದರಿನ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ನನ್ನನ್ನು ಕಂಡವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಏನ್ ತಿನ್ಸಿದ್ದಿ?" ಡಾಕ್ಟರು ಕೇಳಿದರು, ನರ್ಸು ಕೇಳಿದಳು, ನೆಲ ಒರೆಸುವಾಕೆ ಬಟ್ಟೆ ಹಿಂಡುತ್ತಾ ಕೇಳಿದಳು, ಚರ್ಚಿನಿಂದ ಬ್ರೆಡ್ಡು ಬಾಳೆಹಣ್ಣು ಹಿಡಿದು ಬಂದವರು ಪ್ರಾರ್ಥನೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕೇಳಿದರು. ಮಗುವಿನ ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಅವನನ್ನು ಒಬ್ಬರೂ ಏನನ್ನೂ ಕೇಳಲಿಲ್ಲ.

ಆ ಕುರ್ಚಿಗಳ ಸಾಲಿನಲ್ಲಿ ಇವತ್ತೂ ಯಾರೋ ಒಬ್ಬಳು ಅದೇ ಪ್ರಶ್ನೆ ಕೇಳಿಸಿಕೊಳ್ಳುತ್ತಾ ಕೂತಿರುತ್ತಾಳೆ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ನನಗೆ ಸಮಾಧಾನ ಹೇಳಲು ಬಂದವರನ್ನೆಲ್ಲ ಸಿಟ್ಟಿನಿಂದ ಓಡಿಸಿದವಳು ನಾನು. ನಡೆದದ್ದನ್ನು ಮಾತ್ರ ನಡೆದ ಹಾಗೆ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನಾನು ಬೀದರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಚಿಕ್ಕ ಮಕ್ಕಳನ್ನು ಹುಷಾರಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಊರಿಗೆಲ್ಲ ಹೇಳುವುದೇ ನನ್ನ ಕೆಲಸ. ಫಿನಾಯಿಲು ಮೇಲಿಡಿ, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿ, ಅಜ್ಜನ ಬಿಪಿ ಗುಳಿಗೆ ದಿಂಬಿನ ಕೆಳಗೆ ಇಡಬೇಡಿ ಎಂದು ತಾಯಂದಿರ ಸಭೆಯಲ್ಲಿ ಬೆರಳು ಆಡಿಸಿ ಹೇಳುತ್ತಿದ್ದೆ. ಮಗುವಿನ ಕೈಗೆ ಹಳೇ ಬ್ಯಾಟರಿ ಸೆಲ್ಲು ಆಡಲು ಕೊಟ್ಟಿದ್ದ ಒಬ್ಬಳನ್ನು ಎಲ್ಲರೆದುರು ಅಳುವ ಹಾಗೆ ಬೈದಿದ್ದೆ. ಈಗ ಅವಳು ರಸ್ತೆಯಲ್ಲಿ ಸಿಕ್ಕರೆ ನಾನೇ ಮುಖ ತಪ್ಪಿಸುತ್ತೇನೆ.

ಗಂಡ ಸಂಜೀವ ದವಸದ ಪೇಟೆಯಾದ ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಗೋದಾಮು ನೋಡಿಕೊಳ್ಳುತ್ತಾನೆ. ತೊಗರಿ, ಕಡಲೆ, ಜೋಳದ ಚೀಲಗಳು ಹುಳು ಹಿಡಿಯದಂತೆ ಕಾಯುವುದು ಅವನ ಜವಾಬ್ದಾರಿ. ಮಗಳು ರೂತ್‌ಗೆ ಆಗ ಮೂರೂವರೆ ವರ್ಷ. ಅತ್ತೆಯ ಮನೆ ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ. ಈಸ್ಟರ್ ಹಬ್ಬಕ್ಕೆ ಪ್ರತಿ ವರ್ಷ ಅಲ್ಲಿಗೆ ಹೋಗಲೇಬೇಕು, ಅದರಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಿಷನ್ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ಮನೆಯಲ್ಲೂ ಶಾಲೆಯದ್ದೇ ಶಿಸ್ತು. ಆ ಹಗ್ಗಕ್ಕೆ ಬಟ್ಟೆ ಹಾಕಬ್ಯಾಡ. ಈ ಚರಗಿ ಮುಟ್ಟಬ್ಯಾಡ. ಮಧ್ಯಾಹ್ನ ಹಿಂದಿನ ಬಾಗಿಲು ತೆರೀಬ್ಯಾಡ. ಯಾಕೆ ಎಂದು ಹೇಳುವ ಪದ್ಧತಿ ಅವರಿಗಿಲ್ಲ. ಮದುವೆಯಾದ ಹೊಸತರಲ್ಲಿ "ಯಾಕ್ರಿ ಅತ್ತಿ?" ಎಂದು ಕೇಳಿದ್ದೆ. "ಹೇಳಿದ್ದು ಕೇಳೂದು ಕಲಿ" ಎಂದಿದ್ದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಆಯ್ತರಿ ಎನ್ನುವುದು, ಅವರು ಆಚೆ ಹೋದ ಮೇಲೆ ನನಗೆ ತೋಚಿದ್ದು ಮಾಡುವುದು, ಇಷ್ಟರಲ್ಲೇ ಏಳು ವರ್ಷ ಸಂಸಾರ ನಡೆದಿತ್ತು.

ಆ ವರ್ಷ ಗುರುವಾರ ಸಾಯಗಾಂವ ಮುಟ್ಟಿದೆವು. ಬ್ಯಾಗು ಕೆಳಗಿಡುವಷ್ಟರಲ್ಲೇ ಸಂಜೀವ ಹಿತ್ತಲಿನ ಕಡೆ ಹೋದ, ಅಲ್ಲಿ ಒಂದು ತಾಸು ಏನೋ ಮಾಡಿ ಕೈ ತೊಳೆದುಕೊಂಡು ಬಂದ. ಸಂಜೆ ಅತ್ತೆ ನನಗೆ ಹೇಳಿದರು: "ಹಿಂದಿನ ಜ್ವಾಳದ ಖೋಲಿ ತೆರೀಬ್ಯಾಡ."

"ಆಯ್ತರಿ" ಎಂದೆ.

ಶನಿವಾರದ ಹೊತ್ತಿಗೆ ಮನೆ ತುಂಬಿತ್ತು. ನಾದಿನಿ ಮೂರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನಿಂದ ಬಂದಿದ್ದಳು. ಮನೆಯಲ್ಲಿದ್ದ ಒಂದೇ ಕೂಲರ್ ಅವಳ ಮಕ್ಕಳು ಮಲಗುವ ಖೋಲಿಗೆ ಹೋಯಿತು. ನಮ್ಮ ಪಾಲಿಗೆ ತಗಡಿನ ಕೆಳಗಿನ ಪಡಸಾಲೆ. ರೂತ್‌ಗೆ ಕುತ್ತಿಗೆ ತುಂಬ ಬೆವರುಗುಳ್ಳೆ ಎದ್ದು, ಮಗು ಮಧ್ಯಾಹ್ನ ಕಣ್ಣು ಮುಚ್ಚದೆ ಅಳುತ್ತಿತ್ತು. ಅತ್ತೆ ಮತ್ತು ನಾದಿನಿ ಚರ್ಚು ಸಿಂಗರಿಸಲು ಹೋಗಿದ್ದರು. ಸಂಜೀವ ಮಟನ್ನಿಗೆ ಹೇಳಿ ಬರಲು ಭಾಲ್ಕಿಗೆ ಹೋಗಿದ್ದ. ಆಗ ನನಗೆ ಜೋಳದ ಖೋಲಿ ನೆನಪಾಯಿತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಇಡೀ ಮನೆಯಲ್ಲಿ ಅದೊಂದೇ ತಂಪು.

ಕೀಲಿಕೈ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ತಂಪಿಗೂ ಬೀಗ ಹಾಕಿ ಇಟ್ಟಾರ ಈ ಮುದುಕಿ, ಎಂದುಕೊಂಡೆ. ಹೌದು, ಹಾಗೇ ಎಂದುಕೊಂಡೆ. ಮಗಳ ಮಕ್ಕಳಿಗೆ ಕೂಲರ್, ಸೊಸೆಯ ಮಗುವಿಗೆ ಬೆವರುಗುಳ್ಳೆ. ಬೀಗ ತೆಗೆಯುವಾಗ ನನ್ನ ಕೈಯಲ್ಲಿ ಎಷ್ಟು ಹುರುಪಿತ್ತೆಂದರೆ, ಮಗುವಿನ ನಿದ್ದೆಗಿಂತ ಅತ್ತೆಯ ಮಾತು ಮುರಿಯುವುದೇ ನನಗೆ ದೊಡ್ಡದಾಗಿತ್ತು. ಇದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಒಳಗೆ ಎರಡೆರಡು ಚೀಲ ಒಂದರ ಮೇಲೊಂದು ಇಟ್ಟು ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಕಿಟಕಿಯ ಸಂದಿಗೆ ಪೇಪರು ಅಂಟಿಸಿದ್ದರು. ಬೆಳ್ಳುಳ್ಳಿಯ ವಾಸನೆ ಇತ್ತು, ಮೇಲಿನ ತೊಲೆಗೆ ಬೆಳ್ಳುಳ್ಳಿಯ ಗೊಂಚಲೂ ಕಟ್ಟಿತ್ತು, ಹಾಗಾಗಿ ಆ ವಾಸನೆ ಎಲ್ಲಿಂದ ಬಂತೆಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಪ್ಲಾಸ್ಟಿಕ್ ಬೆವರಿಸುತ್ತದೆ ಎಂದು ಅದನ್ನು ಸರಿಸಿ, ಚೀಲಗಳ ಮೇಲೆ ಕೌದಿ ಹಾಸಿ ಮಗುವನ್ನು ಮಲಗಿಸಿದೆ. ಐದೇ ನಿಮಿಷಕ್ಕೆ ನಿದ್ದೆ ಹೋಯಿತು. ನಾನು ಬಾಗಿಲು ಮುಂದಕ್ಕೆಳೆದು ಅಡುಗೆಮನೆಗೆ ಬಂದೆ, ನಡುನಡುವೆ ಹೋಗಿ ನೋಡಿದೆ. ಸಂಜೆಗೆ ನನಗೂ ತಲೆ ಸಿಡಿಯುತ್ತಿತ್ತು. ಸಿಟ್ಟಿಗೆ ಬಂದದ್ದು ಎಂದುಕೊಂಡೆ.

ಚರ್ಚಿಗೆ ಹೋದವರು ಬರುವ ಮೊದಲೇ ಮಗುವನ್ನು ಎಬ್ಬಿಸಿ, ಪ್ಲಾಸ್ಟಿಕ್ ಮೊದಲಿನಂತೆ ಹೊದಿಸಿ, ಬೀಗ ಹಾಕಿ, ಕೀಲಿಕೈ ಮೊಳೆಗೆ ಸಿಕ್ಕಿಸಿದೆ. ಕಳ್ಳಿಯ ಅಚ್ಚುಕಟ್ಟು. ಎದ್ದ ಸ್ವಲ್ಪ ಹೊತ್ತಿಗೆ ರೂತ್ ವಾಂತಿ ಮಾಡಿಕೊಂಡಳು, ಆಮೇಲೆ ಇನ್ನೆರಡು ಸಲ. ಹೊಟ್ಟೆ ನೋವು ಎಂದಳು.

"ಬಂದಾಗಿಂದ ಹಾಳುಮೂಳು ತಿನ್ಸಲಕತ್ತಿ" ಎಂದರು ಅತ್ತೆ. "ಬಿಸಿಲಿಗೆ ಆಗ್ಯದ" ಎಂದ ಸಂಜೀವ. ಭಾಲ್ಕಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನನ್ನ ಕಡೆ ತಿರುಗಿ "ಏನ್ ತಿನ್ಸಿದ್ರಿ?" ಎಂದರು. ವಾಂತಿ ನಿಲ್ಲಲು ಔಷಧಿ ಕೊಟ್ಟು, ನೀರು ಕುಡಿಸಿ, ತಂಪಾದ ಜಾಗದಲ್ಲಿ ಮಲಗಿಸಿ ಎಂದರು. ಮಾರನೇ ದಿನ ಬೆಳಿಗ್ಗೆ ಮಗು ಸುಧಾರಿಸಿದಂತೆ ಕಂಡಿತು, ಎರಡು ಚಮಚ ಗಂಜಿ ಕುಡಿಯಿತು.

ಈಸ್ಟರ್ ಭಾನುವಾರ. ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಆರಾಧನೆಗೆ ಹೋದರು. ಮಗುವಿಗಾಗಿ ನಾನು ಮನೆಯಲ್ಲೇ ಉಳಿದೆ. ಡಾಕ್ಟರು ತಂಪಾದ ಜಾಗ ಎಂದಿದ್ದರು. ಮನೆಯಲ್ಲಿ ತಂಪಾದ ಜಾಗ ಯಾವುದೆಂದು ನನಗೆ ಗೊತ್ತಿತ್ತು. ನಾನು ಮತ್ತೆ ಬೀಗ ತೆಗೆದೆ.

ಮೊದಲ ದಿನದ್ದು ಗೊತ್ತಿಲ್ಲದೆ ಆದದ್ದು ಎಂದು ಯಾರಾದರೂ ಹೇಳಬಹುದು. ಎರಡನೇ ದಿನ, ಕಾಯಿಲೆಬಿದ್ದ ಮಗುವನ್ನು ಅದೇ ಚೀಲಗಳ ಮೇಲೆ ಮಲಗಿಸಿ, ಅಡುಗೆಮನೆಯ ಸದ್ದು ಕೇಳದಿರಲಿ ಎಂದು ಈ ಸಲ ಬಾಗಿಲನ್ನು ಪೂರ್ತಿ ಮುಚ್ಚಿದೆ.

ಆರಾಧನೆ ಮುಗಿಸಿ ಜನ ಬರುವ ಹೊತ್ತಿಗೆ ಎಬ್ಬಿಸಲು ಹೋದರೆ ಮಗು ಏಳಲಿಲ್ಲ. ಕೈಕಾಲು ತಣ್ಣಗಿದ್ದವು, ಆ ಬಿಸಿಲಲ್ಲೂ. ತುಟಿ ಬೆಳ್ಳಗಾಗಿತ್ತು. ಎತ್ತಿಕೊಂಡರೆ ಕತ್ತು ಹಿಂದಕ್ಕೆ ವಾಲಿತು. ಅದನ್ನು ಹೊತ್ತು ಅಂಗಳಕ್ಕೆ ಓಡಿಬಂದು ಕಿರುಚಿದೆ. ಓಡಿಬರುವ ಮೊದಲು ಬೀಗ ಹಾಕಿದ್ದೆ. ಅಂಥ ಹೊತ್ತಿನಲ್ಲೂ ಬೀಗ ಹಾಕಲು ನನಗೆ ನೆನಪಿತ್ತು, ಇಂಥವಳು ನಾನು.

ನಾದಿನಿಯ ಗಂಡನ ಕಾರಿನಲ್ಲಿ ನೇರ ಬೀದರಿಗೆ ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿದರು. ನಾನು ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ.

ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಯಿಂದ ಕಸಿದುಕೊಂಡು ಒಳಗೆ ಓಡಿದರು. ರಕ್ತದ ಒತ್ತಡ ತೀರಾ ಇಳಿದಿದೆ, ಎದೆ ಬಡಿತ ಸರಿಯಿಲ್ಲ ಎಂದರು. ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊರಗೆ ಬಂದು ಕೇಳಿದಳು, "ಏನ್ ತಿನ್ಸಿದ್ರಿ? ಎಲ್ಲಿ ಆಡ್ತಿತ್ತು? ಚೇಳೇನಾರ ಕಡದದೇನು ನೋಡಿದ್ರೇನು?" ನಮ್ಮ ಕಡೆ ಬೇಸಿಗೆಯಲ್ಲಿ ಮಗು ಹೀಗೆ ತಣ್ಣಗಾದರೆ ಮೊದಲು ಚೇಳಿನದೇ ಅನುಮಾನ. ಮಗುವಿನ ಮೈಯೆಲ್ಲ ಹುಡುಕಿದರಂತೆ, ಗುರುತು ಸಿಗಲಿಲ್ಲ. "ಹಳೀ ಮನಿ ಅದರಿ, ಚೇಳು ಇರ್ತಾವ" ಎಂದ ಸಂಜೀವ. ಎಲ್ಲರೂ ಅದನ್ನೇ ಹಿಡಿದರು. ನಾನೂ ಹಿಡಿದೆ. ಚೇಳು ಎಂದರೆ ಯಾರ ತಪ್ಪೂ ಅಲ್ಲ.

"ಮನ್ಯಾಗ ಮಲಗಿತ್ರಿ" ಎಂದೆ ನಾನು. ಅಷ್ಟೇ ಹೇಳಿದೆ. ಅತ್ತೆ ಎರಡಡಿ ದೂರದಲ್ಲಿ ನಿಂತಿದ್ದರು.

ಆಮೇಲೆ ಕಾಯುವುದು. ಗೋಡೆಯ ಮೇಲೆ ನಗುವ ಮಗುವಿನ ಚಿತ್ರ ಅಂಟಿಸಿದ್ದರು, ಅದನ್ನು ಹರಿದು ಹಾಕಬೇಕೆನಿಸಿತು. ಔರಾದಿನಿಂದ ನನ್ನ ಅವ್ವ ಬಂದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡರೆ, "ಊರ ಮಕ್ಕಳಿಗೆಲ್ಲ ಬುದ್ಧಿ ಹೇಳ್ತಿ, ನಿನ್ನ ಕೂಸು ನೋಡ್ಕೊಳ್ಲಕ್ಕ ಆಗಲಿಲ್ಲೇನು?" ಎಂದು ಅಲ್ಲೇ ಕೂತು ಅತ್ತಳು. ಚರ್ಚಿನ ಹಿರಿಯರೊಬ್ಬರು ಎಲ್ಲ ದೇವರ ಚಿತ್ತ ಎಂದರು. "ಹಂಗಿದ್ರ ನೀವ್ಯಾಕ ಬಂದ್ರಿ, ಅವನೇ ಬರ್ತಿದ್ದ" ಎಂದೆ. ಅವರು ಬಾಳೆಹಣ್ಣು ಕುರ್ಚಿಯ ಮೇಲಿಟ್ಟು ಹೋದರು.

ಎದುರಿನ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹಾಜ್ರಾಬಿ ಎಂದು ಹೆಸರು, ಗಂಡ ಗಂಜಿನಲ್ಲಿ ಹಮಾಲ. ನ್ಯುಮೋನಿಯಾ ಆಗಿದ್ದ ಮೊಮ್ಮಗನಿಗಾಗಿ ಮೂರು ದಿನದಿಂದ ಅಲ್ಲೇ ಇದ್ದಳಂತೆ. ನನ್ನನ್ನು ಕೇಳಿದವರನ್ನೆಲ್ಲ, ನಾನು ಸಿಡುಕಿದ್ದನ್ನೆಲ್ಲ ಎಲೆಅಡಿಕೆ ಅಗಿಯುತ್ತಾ ನೋಡುತ್ತಿದ್ದಳು. ಸಂಜೀವ ಮತ್ತು ಅತ್ತೆ ಔಷಧಿ ತರಲು ಕೆಳಗೆ ಹೋದಾಗ ನನ್ನ ಪಕ್ಕ ಬಂದು ಕೂತಳು.

"ಬೇಟಿ, ಏನ್ ತಿಂದಾಳ ಅಂತ ಎಲ್ಲಾರೂ ಕೇಳ್ಲಕತ್ತಾರ. ಎಲ್ಲಿ ಮಲಗಿತ್ತು ಅಂತ ಒಬ್ಬರರೇ ಕೇಳಿದ್ರೇನು?"

ನಾನು ಔಷಧಿಗೆ ಹೋದವರ ದಾರಿಯತ್ತ ನೋಡಿದೆ.

"ನಿನ್ನ ಗಂಡ ಗಂಜಿನ್ಯಾಗ ಕೆಲಸ ಮಾಡ್ತಾನಲ್ಲ? ನಮ್ಮ ಮನಿಯಾಂವ ಗುರ್ತ ಹಿಡದಾನ. ಮನ್ಯಾಗ ಅನಾಜ್, ಕಾಳುಕಡಿ ಅದ ಏನು? ಗುಳಿಗಿ ಇಟ್ಟಾರೇನು ಅದರಾಗ?"

"ಯಾವ ಗುಳಿಗಿ?"

"ಹುಳಕ್ಕ ಇಡ್ತಾರಲ್ಲ. ಗೋದಾಮಿನ್ಯಾಗ ಅದನ್ನ ಇಟ್ಟು ಬಾಗಿಲ ಹಾಕಿದ್ರ ಆಠ್ ದಿನ ಯಾರೂ ಒಳಗ ಕಾಲಿಡಾಂಗಿಲ್ಲ. ಅದು ಹೊಗಿ ಬಿಡ್ತದ, ಕಣ್ಣಿಗಿ ಕಾಣಾಂಗಿಲ್ಲ. ಲಸೂನ್ ವಾಸ್ನಿ ಬರ್ತದ. ನನ್ನ ಭಾವನ ಮಗಾ ಅದರಾಗೇ ಹೋದ."

ಬೆಳ್ಳುಳ್ಳಿ ವಾಸನೆ. ಗುರುವಾರ ಸಂಜೀವ ಕೈ ತೊಳೆದುಕೊಂಡು ಬಂದದ್ದು. ಕಿಟಕಿಯ ಪೇಪರು. ಪ್ಲಾಸ್ಟಿಕ್ ಹಾಳೆ.

ಆಗಲೂ ನಾನು ತಕ್ಷಣ ಏಳಲಿಲ್ಲ. ಇದನ್ನು ಓದುವವರು ನನ್ನನ್ನು ಎಷ್ಟು ಬೇಕಾದರೂ ಬೈಯಲಿ. ಹೇಳಿದರೆ ಬೀಗ ತೆಗೆದದ್ದು ಹೊರಬೀಳುತ್ತದೆ, ಅತ್ತೆ ಸಾಯುವ ತನಕ ಅದನ್ನೇ ಎತ್ತಿ ಆಡುತ್ತಾರೆ ಎಂಬ ಲೆಕ್ಕಾಚಾರ ನನ್ನ ತಲೆಯಲ್ಲಿ ಒಂದು ಕ್ಷಣ ಓಡಿತು. ಹಾಜ್ರಾಬಿ ನನ್ನ ಮುಖ ನೋಡುತ್ತಿದ್ದಳು. ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಬೈಸ್ಕೊಂಡ್ರ ಸಾಯಾಂಗಿಲ್ಲ ಬೇಟಿ. ಉಠ್. ಹೋಗಿ ಹೇಳು" ಎಂದಳು.

ಹೋಗಿ ಹೇಳಿದೆ. ಡಾಕ್ಟರ ಮುಖ ಬದಲಾಯಿತು. "ಇದನ್ನ ಈಗ ಹೇಳ್ತೀರೇನು? ಒತ್ತಡ ಸ್ವಲ್ಪ ಏರಿದ ಕೂಡ್ಲೇ ಚೇಳಿನ ಔಷಧಿ ಸುರು ಮಾಡೋಣಂತ ತಗದಿಟ್ಟಿದ್ದೆ. ಅದು ಒತ್ತಡ ಇನ್ನೂ ಇಳಸ್ತದರಿ. ಈ ಹೊಗಿ ಕುಡದ ಮಗುವಿಗಿ ಕೊಟ್ಟಿದ್ರ..." ಅದನ್ನು ವಾಪಸ್ ಇಡಲು ನರ್ಸಿಗೆ ಕೈಸನ್ನೆ ಮಾಡಿದಳು. "ಇದಕ್ಕ ಇಂಥದ್ದೇ ಅಂತ ಮದ್ದಿಲ್ಲ. ಎದಿ ಬಡಿತ ಹಿಡದು ನಿಲ್ಲಸ್ತೀವಿ. ಉಳದಿದ್ದು ಆಕಿ ಕೈಯಾಗ" ಎಂದು ಒಳಗೆ ಹೋದಳು. ಮೂರೂವರೆ ವರ್ಷದ ಮಗುವಿನ ಕೈಯಲ್ಲಿ.

ಸಂಜೀವನಿಗೆ ನಾನೇ ಹೇಳಿದೆ, ಅತ್ತೆಯ ಎದುರೇ. "ಆ ಖೋಲ್ಯಾಗ ಗುಳಿಗಿ ಇಟ್ಟಿದ್ರೇನು?"

ಅವನ ಕೈಯಲ್ಲಿದ್ದ ಔಷಧಿಯ ಚೀಲ ಕೆಳಗೆ ಬಿತ್ತು. "ಇಟ್ಟಿದ್ದೆ. ಬಾಗಿಲ ತೆರೀಬ್ಯಾಡ ಅಂತ ಅವ್ವಗ ಹೇಳಿದ್ನಲ್ಲ?"

"ನಂಗೂ ಹಂಗೇ ಹೇಳ್ದ" ಎಂದರು ಅತ್ತೆ. "ನಾ ಈಕಿಗಿ ಹಂಗೇ ಹೇಳ್ದೆ. ಯಾಕಂತ ನಂಗೇನ್ ಗೊತ್ತು?" ಆಮೇಲೆ ಅವರಿಗೆ ಅರ್ಥವಾಯಿತು. "ನೀ ತೆರದೇನು?"

"ತೆರದೆ. ಎರಡು ಸಲ."

ಕೈ ಎತ್ತಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಆ ಕೈಯಿಂದ ತಮ್ಮ ಬಾಯನ್ನೇ ಮುಚ್ಚಿಕೊಂಡರು. ನಾನು ಸಂಜೀವನ ಅಂಗಿಯ ಕೊರಳು ಹಿಡಿದೆ. "ಗೋದಾಮಿನ ಹಮಾಲರಿಗಿ ಕೂಡ್ಸಿ ತಿಳಿಸ್ತೀರಿ. ಹಮಾಲನ ಹೆಂಡ್ತಿ ಹಾಜ್ರಾಬಿಗಿ ಗೊತ್ತದ. ಮನ್ಯಾಗಿನ ಹೆಣಮಕ್ಕಳಿಗಿ ಒಂದ್ ಮಾತು ಹೇಳಿದ್ರ ನಾಲಿಗಿ ಸವೀತಿತ್ತೇನು?" ಇಡೀ ವಾರ್ಡು ನೋಡುತ್ತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. "ಚೀಲಕ್ಕ ಮಾಡೂ ಹಂಗ ಮಾಡಿದೆ. ಅಲ್ಲಿ ಕೂಸು ಮಲಗ್ತದಂತ ನನ್ನ ತಲ್ಯಾಗೇ ಬರಲಿಲ್ಲ" ಎಂದ. ನಿಜವೇ ಹೇಳಿದ್ದ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ನಾಲ್ಕು ದಿನ ರೂತ್‌ಳ ಎದೆ ಬಡಿತ ಏರುತ್ತಾ ಇಳಿಯುತ್ತಾ ಇತ್ತು. ನಾವು ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದೆವು, ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಹಾಜ್ರಾಬಿ ಮಾತ್ರ ಮೊಮ್ಮಗನಿಗೆ ಬಂದ ಚಹಾದಲ್ಲಿ ಅರ್ಧ ನನಗೆ ಬಗ್ಗಿಸುತ್ತಿದ್ದಳು, ಕುಡಿಯದಿದ್ದರೆ ಬೈಯುತ್ತಿದ್ದಳು. ಮೂರನೇ ದಿನ ಅವಳ ಮೊಮ್ಮಗ ಮನೆಗೆ ಹೋದ. ಮಾರನೇ ದಿನವೂ ಅವಳು ಬಂದಳು, ಕುರ್ಚಿಯಲ್ಲಿ ಕೂತಳು. ಇಲ್ಲಿ ಯಾಕ ಬಂದಿ ಖಾಲಾ ಎಂದರೆ, "ಅಭ್ಯಾಸ ಆಗ್ಯದ" ಎಂದಳು.

ಐದನೇ ದಿನ ಬೆಳಿಗ್ಗೆ ನರ್ಸು ಬಾಗಿಲು ತೆರೆದು, "ಯಾರ್ರಿ ರೂತಿನ ಮಮ್ಮಿ? ಬಿಸ್ಕೀಟು ಬೇಕಂತ ಗಲಾಟಿ ಮಾಡ್ಲಕತ್ತಾಳ" ಎಂದು ಸಿಡುಕಿದಳು. ಜೀವನದಲ್ಲಿ ಯಾರ ಸಿಡುಕೂ ನನಗೆ ಅಷ್ಟು ಸಿಹಿಯಾಗಿ ಕೇಳಿದ್ದಿಲ್ಲ.

ಮಗು ಉಳಿಯಿತು. ಎದೆಯ ಪರೀಕ್ಷೆಗೆ ಆರು ತಿಂಗಳು ಓಡಾಡಿದೆವು, ಈಗ ಎಲ್ಲ ಸರಿಯಿದೆ ಎನ್ನುತ್ತಾರೆ. ನಾನು ಮಗಳನ್ನು ಕರೆದುಕೊಂಡು ಎರಡು ತಿಂಗಳು ಔರಾದಿನಲ್ಲಿ ಅವ್ವನ ಹತ್ತಿರ ಇದ್ದೆ. ಸಂಜೀವ ಪ್ರತಿ ಭಾನುವಾರ ಬಂದು ಜಗುಲಿಯ ಮೇಲೆ ಕೂತು ಹೋಗುತ್ತಿದ್ದ. ಕೊನೆಗೆ ಬೀದರಿಗೆ ಮರಳಿದೆ. ಕ್ಷಮಿಸಿದ್ದಕ್ಕಲ್ಲ, ಅಂಗನವಾಡಿಯ ರಜೆ ಮುಗಿದಿತ್ತು. ಈಗ ಅವನು ಮನೆಗೆ ಸೊಳ್ಳೆಬತ್ತಿ ತಂದರೂ ಅದು ಏನು, ಯಾಕೆ, ಎಷ್ಟು ಹೊತ್ತು ಎಂದು ನನ್ನ ಮುಂದೆ ವರದಿ ಒಪ್ಪಿಸುತ್ತಾನೆ. ಅತ್ತೆ ಊರಿಗೆಲ್ಲ ನನ್ನ ಬೀಗದ ಕಥೆ ಹೇಳಿದರು. ಅವರು ಹೇಳದ ಮಾತಿನ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿದೆ.

ಮರುವರ್ಷ ಈಸ್ಟರ್‌ಗೆ ನಾನು ಹೋಗಲಿಲ್ಲ. ಈ ವರ್ಷ ಹೋದೆ, ರೂತ್ ಹಟ ಹಿಡಿದಿದ್ದಕ್ಕೆ.

ಹಿತ್ತಲಿಗೆ ಹೋದರೆ ಜೋಳದ ಖೋಲಿಗೆ ಬಾಗಿಲೇ ಇರಲಿಲ್ಲ. ಚೌಕಟ್ಟಿನಿಂದ ಕಿತ್ತು ಗೋಡೆಗೆ ಒರಗಿಸಿದ್ದರು. ಕಿಟಕಿ ಬಟಾಬಯಲು. ಒಳಗೆ ಒಂದು ಚೀಲವೂ ಇರಲಿಲ್ಲ. ಹುಟ್ಟಿದಾಗಿನಿಂದ ಹೊಲದ ಜೋಳ ಬಿಟ್ಟು ಬೇರೆ ಉಣ್ಣದ ಅತ್ತೆ, ಈಗ ತಿಂಗಳಿಗೆ ಬೇಕಾದಷ್ಟನ್ನೇ ಅಂಗಡಿಯಿಂದ ತರಿಸುತ್ತಾರಂತೆ. ಇದನ್ನು ಅವರು ನನಗೆ ಹೇಳಿರಲಿಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ಅತ್ತೆ ನಿಂತಿದ್ದರು.

"ಬಾಗಿಲ ಯಾಕ ತೆಗ್ಸಿದ್ರಿ?" ಎಂದೆ.

"ಯಾಕ ಅಂತ ಈಗ ಕೇಳ್ಲಕತ್ತಿ" ಎಂದರು. "ಅವತ್ತು ಕೇಳ್ಬೇಕಾಗಿತ್ತು."

"ಅವತ್ತು ನೀವು ಹೇಳ್ಬೇಕಾಗಿತ್ತು."

"ನಂಗ ಗೊತ್ತಿದ್ರಲ್ಲ ಹೇಳಾದು?"

"ಮಗನಿಗಿ ಕೇಳ್ಬೇಕಾಗಿತ್ತು ನೀವು."

ಅಷ್ಟರಲ್ಲಿ ರೂತ್ ನಮ್ಮಿಬ್ಬರ ನಡುವೆ ನುಸುಳಿ ಖೋಲಿಯೊಳಗೆ ಓಡಿಬಿಟ್ಟಳು. ನನಗೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅತ್ತೆಗೂ ಬರಲಿಲ್ಲ. ಇಬ್ಬರೂ ಅವಳ ಹೆಸರು ಹಿಡಿದು ಕೂಗಿದೆವು. ಮೂಲೆಯಲ್ಲಿ ಕೂತು ಏನನ್ನೋ ಆರಿಸಿಕೊಂಡು, ಎರಡೂ ಮುಷ್ಟಿ ಮುಂದೆ ಚಾಚಿಕೊಂಡು ಹೊರಗೆ ಬಂದಳು. ಅಂಗೈಯಲ್ಲಿ ಧೂಳು ಹಿಡಿದ ಹಳೆಯ ಜೋಳದ ಕಾಳುಗಳಿದ್ದವು.

"ಆಯಿ, ಇದು ತಿನ್ಲೇನು?" ಎಂದು ಅಜ್ಜಿಯನ್ನು ಕೇಳಿದಳು.

"ಬ್ಯಾಡ!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದೆವು.

ರೂತ್ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಯಾಕ?" ಎಂದಳು.

ಅತ್ತೆಗೆ ಮೊಣಕಾಲು ನೋವು, ಕೆಳಗೆ ಕೂರುವುದು ಕಷ್ಟ. ಗೋಡೆ ಹಿಡಿದು ನಿಧಾನಕ್ಕೆ ಮಗುವಿನ ಎದುರು ಕೂತರು. "ಯಾಕಂದ್ರ" ಎಂದು ಶುರು ಮಾಡಿ, ನನ್ನತ್ತ ಒಮ್ಮೆ ನೋಡಿ, ಗುಳಿಗೆಯಿಂದ ಹಿಡಿದು ಕಂಡದ್ದೆಲ್ಲವನ್ನೂ ಹೇಳತೊಡಗಿದರು. ಹೇಳುತ್ತಲೇ ಅವಳ ಬಲಗೈ ಬಿಡಿಸಿ ಒಂದೊಂದೇ ಕಾಳು ತೆಗೆದರು. ನಾನೂ ಪಕ್ಕದಲ್ಲಿ ಕೂತು, ಅವಳ ಎಡಗೈ ಬಿಡಿಸಿ, ಬೆರಳ ಸಂದಿಯಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿದೆ.